ಕೇಳದೆ ಹರಸಿದ ತಪ್ಪು



ಈ ಪತ್ರಿಕೆಯ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಶರಣರ ನಡೆನುಡಿಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ಬರೆಯಹೊರಟಿರುವುದು ಖಾಸಗಿ ವಿಶ್ವವಿದ್ಯಾಲಯಗಳ ಮಾನ್ಯತೆಯ ವಿಷಯವನ್ನು. ಮಠದ ಪತ್ರಿಕೆಗೂ ಕಾಯ್ದೆ-ಕಲಮುಗಳ ಈ ಒಣ ವಿಷಯಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ. ಅದು ನಮ್ಮದೇ ಒಂದು ತಪ್ಪಿನಿಂದ ಉಂಟಾದ ಸಂಬಂಧ. ಆ ತಪ್ಪನ್ನು ಮೊದಲು ನಿಮ್ಮ ಮುಂದಿಟ್ಟು ಆಮೇಲೆ ಉಳಿದ ಮಾತನ್ನು ಆಡುವುದು ಯುಕ್ತವೆಂದು ಭಾವಿಸುತ್ತೇವೆ.

2018ರ ಒಂದು ಅಮಾವಾಸ್ಯೆಯ ದಿನ. ದರ್ಶನಕ್ಕೆ ಬಂದವರೆಲ್ಲ ಪ್ರಸಾದ ಸ್ವೀಕರಿಸಿ ಹೋದ ಮೇಲೂ ಒಬ್ಬ ವೃದ್ಧ ರೈತರು ಕಂಬಕ್ಕೆ ಒರಗಿ ಕುಳಿತೇ ಇದ್ದರು. ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಮಗ. ಹತ್ತಿರ ಕರೆದಾಗ ಆ ತಂದೆ ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಪದವಿಪತ್ರವನ್ನು ತೆಗೆದು ನಮ್ಮ ಪಾದದ ಬಳಿ ಇಟ್ಟರು. ಬಂಗಾರದ ಬಣ್ಣದ ಅಂಚು, ದೊಡ್ಡ ಮುದ್ರೆ, ಕುಲಪತಿಗಳ ಸಹಿ, ಎಲ್ಲವೂ ಇದ್ದವು. "ಅಜ್ಜಾರ, ಇದು ನಡೆಯೂದಿಲ್ಲಂತ್ರಿ" ಎಂದರು.

ಹುಡುಗ ಸ್ಪರ್ಧಾ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಊರಿನಲ್ಲಿ ಪೇಢೆಯನ್ನೂ ಹಂಚಿದ್ದರು. ಆದರೆ ಕಾಗದಪತ್ರಗಳ ಪರಿಶೀಲನೆಯ ದಿನ, ಈ ಪದವಿ ಕೊಟ್ಟ ಸಂಸ್ಥೆಗೆ ತನ್ನ ರಾಜ್ಯದ ಹೊರಗೆ ಕೇಂದ್ರ ತೆರೆದು ಪದವಿ ನೀಡುವ ಅಧಿಕಾರವಿರಲಿಲ್ಲವೆಂದು ಹೇಳಿ ಹುಡುಗನನ್ನು ಹಿಂದಕ್ಕೆ ಕಳಿಸಿದ್ದರು. ಮೂರು ವರ್ಷಗಳ ಓದು, ಶುಲ್ಕಕ್ಕೆಂದು ಮಾರಿದ ಜೋಡೆತ್ತು, ಪರೀಕ್ಷೆಗಾಗಿ ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಒಂದು ಮೇಜಿನ ಮುಂದೆ ಹತ್ತು ನಿಮಿಷದಲ್ಲಿ ಮುಗಿದುಹೋಗಿದ್ದವು.

ನಾವು ವಾಡಿಕೆಯಂತೆ ಸಮಾಧಾನದ ಮಾತನ್ನು ಆಡತೊಡಗಿದೆವು. ಅಷ್ಟರವರೆಗೆ ತಲೆ ತಗ್ಗಿಸಿದ್ದ ಹುಡುಗ ಮೆಲ್ಲನೆ ಹೇಳಿದ: "ಆ ಹ್ಯಾಂಡ್‌ಬಿಲ್ಲಿನ್ಯಾಗ ನಿಮ್ಮ ಫೋಟೋ ಇತ್ರಿ ಅಜ್ಜಾರ. ನೀವು ದೀಪಾ ಹಚ್ಚಿದ್ದು. ಅದನ್ನ ನೋಡೇ ನಾನು ಹೆಸರು ಹಚ್ಚಿದ್ದೆ." ತಂದೆ ಗಾಬರಿಯಾಗಿ "ಅಜ್ಜಾರಿಗೆ ಹಂಗ ಅನ್ನಬಾರದಪಾ" ಎಂದು ಮಗನ ಮೊಣಕೈ ಹಿಡಿದರು. ಆದರೆ ಮಾತು ಆಡಿಯಾಗಿತ್ತು. ಅದು ನಿಜವೂ ಆಗಿತ್ತು.

2011ರ ಶ್ರಾವಣದಲ್ಲಿ ಭಕ್ತರೊಬ್ಬರು ಬಂದು, ಹೊರರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರವನ್ನು ನಮ್ಮ ತಾಲೂಕಿನ ಊರಿನಲ್ಲಿ ತೆರೆಯುತ್ತಿರುವುದಾಗಿಯೂ ಉದ್ಘಾಟನೆಗೆ ನಾವು ದಯಮಾಡಿಸಬೇಕೆಂದೂ ಬಿನ್ನವಿಸಿಕೊಂಡಿದ್ದರು. ಅಂಗಡಿಯೊಂದರ ಮೇಲಿನ ಮಹಡಿ, ಎರಡು ಕೋಣೆ, ಬಾಗಿಲಿಗೆ ಮಾವಿನ ತೋರಣ. ನಾವು ದೀಪ ಬೆಳಗಿದೆವು. ಅನ್ನದಾಸೋಹಕ್ಕಿಂತ ಜ್ಞಾನದಾಸೋಹ ಹಿರಿದೆಂದು ಅರ್ಧ ಗಂಟೆ ಆಶೀರ್ವಚನ ನೀಡಿದೆವು. ಆ ಅರ್ಧ ಗಂಟೆಯಲ್ಲಿ ನಾವು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು ಯಾರು, ಯಾವ ಕಾಯ್ದೆಯ ಕೆಳಗೆ, ಈ ಊರಿನಲ್ಲಿ ಕಲಿಸಲು ಅದಕ್ಕೆ ಅನುಮತಿ ಕೊಟ್ಟವರು ಯಾರು, ಕಲಿಸುವವರು ಯಾರು, ಯಾವುದನ್ನೂ ವಿಚಾರಿಸಲಿಲ್ಲ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯವರೆಗೆ ಓದಿದ ನಮಗೆ ಈ ಪ್ರಶ್ನೆಗಳು ತಿಳಿಯದವೇನೂ ಆಗಿರಲಿಲ್ಲ. ಕೇಳಿದರೆ ಭಕ್ತರ ಮನಸ್ಸಿಗೆ ನೋವಾದೀತೆಂಬ ಸಂಕೋಚವೋ, ಒಳ್ಳೆಯ ಕಾರ್ಯಕ್ಕೆ ಅಡ್ಡಮಾತೇಕೆಂಬ ಉದಾಸೀನವೋ, ಏನೇ ಇರಲಿ, ಕೇಳಲಿಲ್ಲ. ಕೇಳದೆ ಹರಸಿದೆವು. ಆ ಹರಕೆಯನ್ನು ಒಬ್ಬ ಹುಡುಗ ಪ್ರಮಾಣಪತ್ರವೆಂದು ತಿಳಿದ.

ಅಂದಿನಿಂದ ಈ ಮಾನ್ಯತೆಯೆಂಬುದು ಏನೆಂದು ತಿಳಿದುಕೊಳ್ಳುವುದನ್ನು ಒಂದು ಪ್ರಾಯಶ್ಚಿತ್ತವಾಗಿ ಕೈಗೊಂಡೆವು. ತಿಳಿದದ್ದನ್ನು ಸರಳವಾಗಿ ನಿವೇದಿಸುತ್ತೇವೆ.

ಜನರು ಯು.ಜಿ.ಸಿ. ಎಂದು ಕರೆಯುವ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ರೂಪುಗೊಂಡದ್ದು 1956ರ ಕಾಯ್ದೆಯಿಂದ. ಆ ಕಾಯ್ದೆಯ 22ನೆಯ ಕಲಮು ಪದವಿ ಕೊಡುವ ಹಕ್ಕು ಯಾರಿಗೆ ಸಲ್ಲುತ್ತದೆಂಬುದನ್ನು ಹೇಳುತ್ತದೆ. ಅದಕ್ಕೆ ಮುಖ್ಯವಾಗಿ ಮೂರು ಬಾಗಿಲುಗಳಿವೆ. ಒಂದು, ಸಂಸತ್ತಾಗಲಿ ರಾಜ್ಯದ ವಿಧಾನಮಂಡಲವಾಗಲಿ ಕಾಯ್ದೆ ಮಾಡಿ ಸ್ಥಾಪಿಸಿದ ವಿಶ್ವವಿದ್ಯಾಲಯ. ಎರಡು, ಅದೇ ಕಾಯ್ದೆಯ 3ನೆಯ ಕಲಮಿನಂತೆ, ಆಯೋಗದ ಸಲಹೆಯ ಮೇರೆಗೆ ಕೇಂದ್ರ ಸರಕಾರವು ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಘೋಷಿಸಿದ ಸಂಸ್ಥೆ. ಇದನ್ನೇ ಡೀಮ್ಡ್ ವಿಶ್ವವಿದ್ಯಾಲಯವೆನ್ನುವುದು ರೂಢಿ. ಮೂರು, ಪದವಿ ನೀಡಲು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಈ ಬಾಗಿಲುಗಳಲ್ಲದೆ ಬೇರೆ ಬಾಗಿಲಿನಿಂದ ಬಂದವರು ಎಷ್ಟೇ ದೊಡ್ಡ ಮುದ್ರೆಯೊತ್ತಿದರೂ ಅದು ಪದವಿಯಾಗದು. ವಿಶ್ವವಿದ್ಯಾಲಯವೆಂಬ ಹೆಸರನ್ನೇ ಅಂಥವರು ಹಚ್ಚಿಕೊಳ್ಳಬಾರದೆಂದು 23ನೆಯ ಕಲಮು ನಿಷೇಧಿಸುತ್ತದೆ.

ನಿಷೇಧ ಮೀರಿದವರಿಗೆ ಶಿಕ್ಷೆಯೇನು? ಮುಂದಿನ ಕಲಮು 1956ರಲ್ಲಿ ವಿಧಿಸಿದ್ದು 1,000 ರೂಪಾಯಿಗಳವರೆಗಿನ ದಂಡ. ಆ ರೈತರು ಮಾರಿದ ಎತ್ತುಗಳ ಒಂದು ಕೊಂಬಿನ ಬೆಲೆಯೂ ಅದಲ್ಲ. ಮಾನ್ಯತೆಯಿಲ್ಲದ ಸಂಸ್ಥೆಗಳ ಹೆಸರುಗಳನ್ನು ಆಯೋಗ ಕಾಲಕಾಲಕ್ಕೆ ಪ್ರಕಟಿಸುತ್ತ ಬಂದಿದೆ. ಆ ಪಟ್ಟಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸವೂ ವರ್ಷಗಟ್ಟಲೆ ಅಚ್ಚಾಗುತ್ತಿತ್ತು. ಪಟ್ಟಿಯೇನೋ ಪ್ರಕಟವಾಗುತ್ತದೆ. ಆದರೆ ಹಳ್ಳಿಯ ತಂದೆಯ ಕೈಗೆ ಅದು ತಲಪುವುದಿಲ್ಲ. ಅವರ ಕೈಗೆ ತಲಪುವುದು ಸ್ವಾಮಿಗಳ ಚಿತ್ರವಿರುವ ಕರಪತ್ರ.

ನಮ್ಮ ಹುಡುಗನ ಪ್ರಸಂಗ ಇದಕ್ಕಿಂತ ತುಸು ಭಿನ್ನ. ಅವನಿಗೆ ಪದವಿ ಕೊಟ್ಟದ್ದು ಹುಸಿ ಸಂಸ್ಥೆಯಲ್ಲ. ತನ್ನ ರಾಜ್ಯದಲ್ಲಿ ಅದು ಕಾಯ್ದೆಯಂತೆಯೇ ಹುಟ್ಟಿತ್ತು. ಆದರೆ ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯದ ಅಧಿಕಾರ ಆ ರಾಜ್ಯದ ಗಡಿಗೆ ನಿಲ್ಲುತ್ತದೆ. ಗಡಿಯಾಚೆ ಅಂಗಡಿಯ ಮಹಡಿಯ ಮೇಲೆ ಗುತ್ತಿಗೆಯ ಕೇಂದ್ರ ತೆರೆದು ಪದವಿ ಹಂಚಲು ಅದಕ್ಕೆ ಅಧಿಕಾರವಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳನ್ನು ಕುರಿತು ಆಯೋಗವು 2003ರಲ್ಲಿಯೇ ನಿಯಮಾವಳಿ ಹೊರಡಿಸಿತ್ತು. 2013ರಲ್ಲಿ ಮತ್ತೊಮ್ಮೆ ಸಾರ್ವಜನಿಕ ಪ್ರಕಟಣೆಯ ಮೂಲಕ ಎಚ್ಚರಿಸಿತು. ಆ ವೇಳೆಗೆ ನಮ್ಮ ಹುಡುಗ ಎರಡು ವರ್ಷದ ಶುಲ್ಕ ಕಟ್ಟಿಯಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ವಿದ್ಯೆಗೆ ಸರಕಾರದ ಮುದ್ರೆ ಏಕೆ ಬೇಕು? ಗುರುಕುಲದಲ್ಲಿ ನಾವು ಕಲಿತಾಗ ಯಾವ ಮುದ್ರೆಯೂ ಇರಲಿಲ್ಲವಲ್ಲ! ನಿಜ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಕಾಗದದ ಮೇಲೆ ನಮ್ಮನ್ನು ಪರೀಕ್ಷಿಸಲಿಲ್ಲ. ನೆರೆದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ, ಓದಿದ ಗ್ರಂಥಕ್ಕೆ ಅರ್ಥ ಹೇಳಿಸುತ್ತಿದ್ದರು. ತಪ್ಪಿದರೆ ಅಲ್ಲಿಯೇ ತಿದ್ದುತ್ತಿದ್ದರು. ಆದರೆ ಅಲ್ಲಿ ಕಲಿಸಿದವರೂ ಕಲಿತವರೂ ಕೇಳಿದವರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಇಂದು ಬೀದರಿನ ಹುಡುಗ ಬೆಂಗಳೂರಿನಲ್ಲಿ ಕೆಲಸ ಕೇಳುತ್ತಾನೆ. ಅವನ ಗುರು ಯಾರೆಂದು ಕೆಲಸ ಕೊಡುವವನು ಅರಿಯ. ಒಬ್ಬರನ್ನೊಬ್ಬರು ಅರಿಯದ ಜನ ಪರಸ್ಪರ ನಂಬಬೇಕಾದಾಗ ನಡುವೆ ಒಂದು ಗುರುತು ಬೇಕಾಗುತ್ತದೆ. ಪದವಿಪತ್ರ ಅಂಥ ಗುರುತು.

ಸಂತೆಯ ಉದಾಹರಣೆ ತೆಗೆದುಕೊಳ್ಳೋಣ. ಕಿರಾಣಿಯವನ ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆ ಇರುತ್ತದೆ. ಕಿರಾಣಿಯವನು ಎಷ್ಟೇ ಸಜ್ಜನನಾದರೂ ಮುದ್ರೆಯಿಲ್ಲದ ಕಲ್ಲನ್ನು ನಾವು ಒಪ್ಪುವುದಿಲ್ಲ. ಅದು ಅವನಿಗೆ ಮಾಡಿದ ಅವಮಾನವಲ್ಲ. ಆದರೆ ಕಲ್ಲಿನ ಮೇಲಿನ ಮುದ್ರೆ ಹೇಳುವುದು ತೂಕ ಸರಿಯಿದೆಯೆಂದಷ್ಟೇ. ಅಕ್ಕಿಯಲ್ಲಿ ಹರಳಿದೆಯೋ ಇಲ್ಲವೋ ಅದು ಹೇಳಲಾರದು. ಅದಕ್ಕೆ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬೇಕು. ಕಾಯ್ದೆಯ ಮಾನ್ಯತೆ ಕಲ್ಲಿನ ಮೇಲಿನ ಮುದ್ರೆಯಂತೆ. ಪದವಿ ಕೊಡುವ ಹಕ್ಕು ಇದೆಯೆಂದು ಅದು ಹೇಳುತ್ತದೆ. ಮೌಲ್ಯಾಂಕನವು ಅಕ್ಕಿಯನ್ನು ಹಿಡಿದು ನೋಡಿದಂತೆ. ಕಲಿಸುವುದು ಹೇಗಿದೆಯೆಂದು ಅದು ಹೇಳಬೇಕು. ಇವೆರಡೂ ಬೇರೆ ಬೇರೆ. ಜನ ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಮೋಸ ನಡೆಯುತ್ತದೆ.

ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ಒಂದು ಕುರುಹು, ಇನ್ನೊಂದು ಅರಿವು. ಅರಿವನ್ನು ಸಾಧಿಸಲೆಂದು ಕುರುಹನ್ನು ಹಿಡಿಯಬೇಕು. ಕುರುಹಿನಲ್ಲಿಯೇ ನಿಂತುಬಿಟ್ಟವನನ್ನು ಶರಣರು ಮೆಚ್ಚಲಿಲ್ಲ. ಈ ದೇಶದ ವಿಶ್ವವಿದ್ಯಾಲಯಗಳ ಇತಿಹಾಸದಲ್ಲಿ ಅರಿವಿದ್ದು ಕುರುಹಿಲ್ಲದ ಸಂಸ್ಥೆಗಳೂ ಇದ್ದವು. ಕುರುಹಿದ್ದು ಅರಿವಿಲ್ಲದವೂ ಇದ್ದವು.

ಮೊದಲನೆಯ ಬಗೆಗೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ನೆನೆಯಬೇಕು. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ವಿಚಾರವನ್ನು ಓದಿ ಸ್ಫೂರ್ತಿಗೊಂಡ ಅವರು 1916ರಲ್ಲಿ ಪುಣೆಯಲ್ಲಿ ಕೇವಲ ಐದು ಜನ ವಿದ್ಯಾರ್ಥಿನಿಯರೊಂದಿಗೆ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಸರಕಾರದ ಮಾನ್ಯತೆ ಇರಲಿಲ್ಲ. 1920ರಲ್ಲಿ ಸರ್ ವಿಠ್ಠಲದಾಸ ಠಾಕರ್ಸಿಯವರು 15 ಲಕ್ಷ ರೂಪಾಯಿಗಳ ದಾನವಿತ್ತರು. ಅವರ ತಾಯಿಯವರ ಹೆಸರನ್ನು ಸಂಸ್ಥೆ ಧರಿಸಿತು. ಕಾಯ್ದೆಬದ್ಧ ವಿಶ್ವವಿದ್ಯಾಲಯವೆಂಬ ಸ್ಥಾನ ದೊರೆತದ್ದು 1951ರಲ್ಲಿ. ಮೂವತ್ತೈದು ವರ್ಷಗಳು! ಆ ಮೂವತ್ತೈದು ವರ್ಷ ಅಲ್ಲಿ ಓದಿದ ಹೆಣ್ಣುಮಕ್ಕಳ ವಿದ್ಯೆ ಹುಸಿಯಾಗಿತ್ತೆಂದು ಯಾರು ಹೇಳಬಲ್ಲರು? ಎಸ್.ಎನ್.ಡಿ.ಟಿ. ಎಂಬ ಹೆಸರಿನಿಂದ ಆ ವಿಶ್ವವಿದ್ಯಾಲಯ ಇಂದು ಮುಂಬಯಿಯಲ್ಲಿ ನೆಲೆಸಿದೆ.

ಹಾಗೆಯೇ ಅಸಹಕಾರ ಚಳವಳಿಯ ಕಾಲದಲ್ಲಿ 1920ರಲ್ಲಿ ಅಹಮದಾಬಾದಿನಲ್ಲಿ ಗುಜರಾತ ವಿದ್ಯಾಪೀಠವೂ 1921ರಲ್ಲಿ ಕಾಶೀ ವಿದ್ಯಾಪೀಠವೂ ಹುಟ್ಟಿದವು. ಪರಕೀಯ ಸರಕಾರದ ಮಾನ್ಯತೆ ತಮಗೆ ಬೇಡವೆಂದೇ ಹುಟ್ಟಿದ ಪೀಠಗಳು ಅವು. ಕಾಶೀ ವಿದ್ಯಾಪೀಠ ಕೊಟ್ಟ ಪದವಿ 'ಶಾಸ್ತ್ರಿ'. ಆ ಪದವಿಯನ್ನು ಪಡೆದ ಲಾಲಬಹಾದ್ದೂರರ ಹೆಸರಿಗೆ ಅದು ಕೊನೆಯವರೆಗೆ ಅಂಟಿಕೊಂಡಿತು. 1964ರಲ್ಲಿ ಅವರು ಪ್ರಧಾನಮಂತ್ರಿಗಳಾದರು. ಆ ವಿದ್ಯಾಪೀಠಕ್ಕೆ ಡೀಮ್ಡ್ ಸ್ಥಾನ ಬಂದದ್ದು 1963ರಲ್ಲಿ. ಪದವೀಧರ ದೇಶವನ್ನಾಳುವ ಹೊತ್ತು ಹತ್ತಿರ ಬಂದಾಗಲಷ್ಟೇ ಅವನ ಪದವಿಯ ಪೀಠಕ್ಕೆ ಮುದ್ರೆ ಬಿತ್ತು.

ಇದನ್ನು ಹೇಳಿದಾಗ ಒಬ್ಬ ಶಿಕ್ಷಣೋದ್ಯಮಿಗಳು ನಮ್ಮೆದುರಿಗೇ ಹೇಳಿದರು: "ನೋಡಿರಿ ಪೂಜ್ಯರೇ, ಮಾನ್ಯತೆ ದೊಡ್ಡದಲ್ಲವೆಂದು ನೀವೇ ಒಪ್ಪಿದಿರಿ." ಅಲ್ಲ. ಇಲ್ಲೊಂದು ಸೂಕ್ಷ್ಮವಿದೆ. ವಿದ್ಯಾಪೀಠಗಳನ್ನು ಸೇರಿದವರಿಗೆ ತಮ್ಮ ಪದವಿಗೆ ಸರಕಾರದ ಮಾನ್ಯತೆಯಿಲ್ಲವೆಂಬುದು ಚೆನ್ನಾಗಿ ತಿಳಿದಿತ್ತು. ತಿಳಿದೇ, ಬೇಕೆಂದೇ ಸೇರಿದರು. ಅಲ್ಲಿ ಮುಚ್ಚಿಟ್ಟದ್ದೇನೂ ಇರಲಿಲ್ಲ. ನಮ್ಮ ಊರಿನ ಮಹಡಿಯ ಮೇಲೆ ಇಲ್ಲದ ಅಧಿಕಾರವನ್ನು ಇದೆಯೆಂದು ತೋರಿಸಲಾಯಿತು. ಮಾನ್ಯತೆ ಇಲ್ಲದಿರುವುದು ಬಡತನವಿರಬಹುದು. ಇಲ್ಲದ ಮಾನ್ಯತೆಯನ್ನು ಇದೆಯೆನ್ನುವುದು ಕಳವು. ತ್ಯಾಗಿಯ ಹರಕು ಅಂಗಿಯನ್ನು ತೋರಿಸಿ ಕಳ್ಳನು ಬಿಡುಗಡೆ ಕೇಳಲಾಗದು.

ಇನ್ನು ಎರಡನೆಯ ಬಗೆ, ಕುರುಹಿದ್ದು ಅರಿವಿಲ್ಲದ್ದು. 2002ರಲ್ಲಿ ಛತ್ತೀಸಗಢ ರಾಜ್ಯವು ಖಾಸಗಿ ವಿಶ್ವವಿದ್ಯಾಲಯಗಳಿಗಾಗಿ ಒಂದು ಕಾಯ್ದೆ ಮಾಡಿತು. ಅದರಂತೆ, ಪ್ರತಿಯೊಂದು ವಿಶ್ವವಿದ್ಯಾಲಯಕ್ಕೂ ವಿಧಾನಸಭೆಯಲ್ಲಿ ಬೇರೆ ಚರ್ಚೆ ಬೇಕಿರಲಿಲ್ಲ. ಸರಕಾರವು ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಅಚ್ಚು ಹಾಕಿಸಿದರೆ ವಿಶ್ವವಿದ್ಯಾಲಯ ಹುಟ್ಟಿದಂತೆ. ಸುಮಾರು ಒಂದು ವರ್ಷದೊಳಗೆ 112 ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಲ್ಲಿ ಅನೇಕಕ್ಕೆ ಕಟ್ಟಡವಿರಲಿಲ್ಲ, ಆವರಣವಿರಲಿಲ್ಲ. ಒಂದೊಂದು ಕೋಣೆಯಲ್ಲಿ ನಡೆಯುತ್ತಿದ್ದವೂ ಇದ್ದವು. ಹಿರಿಯ ವಿಜ್ಞಾನಿಗಳೂ ಯು.ಜಿ.ಸಿ.ಯ ಅಧ್ಯಕ್ಷರಾಗಿದ್ದವರೂ ಆದ ಪ್ರೊ. ಯಶಪಾಲರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2005ರ ಫೆಬ್ರವರಿ 11ರಂದು ತೀರ್ಪು ಬಂದಿತು. ಆ ಕಾಯ್ದೆಯ ಮೂಲ ಕಲಮುಗಳನ್ನು ನ್ಯಾಯಾಲಯ ಅಸಿಂಧುವೆಂದು ಸಾರಿತು. ಆ ರೀತಿಯಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳೆಲ್ಲ ಇಲ್ಲವಾದವು. ನಿಜವಾಗಿ ಓದುತ್ತಿದ್ದ ವಿದ್ಯಾರ್ಥಿಗಳ ಹಿತಕ್ಕಾಗಿ, ಅವರ ಸಂಸ್ಥೆಗಳನ್ನು ಆ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳಿಗೆ ಸೇರಿಸುವ ದಾರಿಯನ್ನೂ ತೋರಿತು.

ಆ 112 ಸಂಸ್ಥೆಗಳ ಕೈಯಲ್ಲಿ ಮುದ್ರೆಯಿತ್ತು, ರಾಜ್ಯಪತ್ರವಿತ್ತು, ಕುಲಪತಿಗಳ ನಾಮಫಲಕವಿತ್ತು. ಇಲ್ಲದ್ದು ವಿದ್ಯೆಯೊಂದೇ. ನಮ್ಮ ಕರ್ನಾಟಕದಲ್ಲಿ ಪ್ರತಿಯೊಂದು ಖಾಸಗಿ ವಿಶ್ವವಿದ್ಯಾಲಯಕ್ಕೂ ವಿಧಾನಮಂಡಲವು ಪ್ರತ್ಯೇಕ ಕಾಯ್ದೆ ಮಾಡುತ್ತ ಬಂದಿರುವುದು ಈ ದೃಷ್ಟಿಯಿಂದ ಉಚಿತವಾದ ಪದ್ಧತಿ. ಆದರೆ ಪ್ರತ್ಯೇಕ ಕಾಯ್ದೆಯೂ ಕಲ್ಲಿನ ಮೇಲಿನ ಮುದ್ರೆಯೇ ಹೊರತು ಅಕ್ಕಿಯ ಪರೀಕ್ಷೆಯಲ್ಲ.

ನ್ಯಾಯ ತಡವಾಗಿ ಬಂದಾಗ ಅದರ ಭಾರ ಯಾರ ಮೇಲೆ ಬೀಳುತ್ತದೆಂಬುದಕ್ಕೆ 2017ರ ನವೆಂಬರದ ಇನ್ನೊಂದು ತೀರ್ಪನ್ನು ನೆನೆಯಬಹುದು. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಕೊಂಡಿತು. 2001ರಿಂದ 2005ರ ವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಹೊಸದಾಗಿ ಪರೀಕ್ಷೆ ಬರೆದು ತೇರ್ಗಡೆಯಾಗಬೇಕೆಂದಿತು. ಆ ಬಳಿಕ ಸೇರಿದವರ ಪದವಿಗಳನ್ನು ರದ್ದುಗೊಳಿಸಿತು. ಹತ್ತಾರು ವರ್ಷ ಉದ್ಯೋಗ ಮಾಡಿ ಸಂಸಾರವಂದಿಗರಾದವರು ಮತ್ತೆ ಪರೀಕ್ಷೆಯ ಕೋಣೆಯಲ್ಲಿ ಕುಳಿತರು. ಕಾಯ್ದೆ ಮುರಿದದ್ದು ಸಂಸ್ಥೆ. ಪರೀಕ್ಷೆ ಬರೆದದ್ದು ವಿದ್ಯಾರ್ಥಿ.

ಹಾಗಾದರೆ ಅಕ್ಕಿಯನ್ನು ಪರೀಕ್ಷಿಸುವವರು ಯಾರು? ಅದಕ್ಕೆಂದೇ 1994ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಸ್ಥಾಪನೆಯಾಯಿತು. ಅದರ ಕೇಂದ್ರಸ್ಥಾನ ನಮ್ಮ ಬೆಂಗಳೂರೇ. ಸಂಸ್ಥೆಯು ತನ್ನನ್ನು ತಾನೇ ಪರೀಕ್ಷಿಸಿಕೊಂಡು ವರದಿ ಬರೆಯಬೇಕು. ಆಮೇಲೆ ಬೇರೆ ವಿಶ್ವವಿದ್ಯಾಲಯಗಳ ಅನುಭವಿಗಳ ತಂಡ ಬಂದು ನೋಡಬೇಕು. ಪಠ್ಯಕ್ರಮ, ಬೋಧನೆ, ಸಂಶೋಧನೆ, ಗ್ರಂಥಾಲಯಾದಿ ಸೌಕರ್ಯ, ವಿದ್ಯಾರ್ಥಿಗಳ ಮುನ್ನಡೆ, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ ಏಳು ಮಾನದಂಡಗಳಲ್ಲಿ ಅಂಕಗಳನ್ನಿತ್ತು ಶ್ರೇಣಿ ಕೊಡುವುದು ಬಹುಕಾಲ ನಡೆದುಬಂದ ರೀತಿ. ನಾಲ್ಕು ಅಂಕಗಳಿಗೆ 3.51 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಅತ್ಯುಚ್ಚ ಶ್ರೇಣಿ, 1.50 ಮತ್ತು ಅದಕ್ಕಿಂತ ಕಡಿಮೆಯಾದರೆ ಮಾನ್ಯತೆಯೇ ಇಲ್ಲ.

ಕಲ್ಪನೆ ಉತ್ತಮವಾದದ್ದು. ನಮ್ಮ ಪರಂಪರೆಗೂ ಅದು ಹೊಸದಲ್ಲ. ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯವರನ್ನು ಅಲ್ಲಮಪ್ರಭುಗಳು ಎಷ್ಟು ಕಠಿಣವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಆ ಪ್ರಶ್ನೆಗಳು ಅಕ್ಕನಿಗೆ ಅವಮಾನವಾಗಲಿಲ್ಲ. ಅವುಗಳಿಂದಲೇ ಅಕ್ಕನ ನಿಲುವು ಲೋಕಕ್ಕೆ ತಿಳಿಯಿತು. ಬಲ್ಲವರು ಬಲ್ಲವರನ್ನು ಕೇಳುವುದೇ ನಿಜವಾದ ಮೌಲ್ಯಾಂಕನ.

ಆದರೆ ಆಚರಣೆಯಲ್ಲಿ ಏನಾಯಿತು? ಬೇರೆಯವರ ಮಾತು ಬೇಡ, ನಮ್ಮದನ್ನೇ ಹೇಳುತ್ತೇವೆ. ಶ್ರೀಮಠದ ಪದವಿ ಕಾಲೇಜಿಗೆ ಪರಿಶೀಲನಾ ತಂಡ ಬರುವ ಹಿಂದಿನ ದಿನ ಸಂಜೆ ನಾವು ಆವರಣದಲ್ಲಿ ನಡೆದುಹೋದೆವು. ಗೋಡೆಗಳಿಗೆ ಹಸಿ ಬಣ್ಣ, ದಾರಿಯ ಎರಡೂ ಬದಿ ಹೂವಿನ ಕುಂಡಗಳು. ಪ್ರಾಚಾರ್ಯರು ಉತ್ಸಾಹದಿಂದ ಎಲ್ಲವನ್ನೂ ತೋರಿಸುತ್ತಿದ್ದರು. ಪ್ರಸಾದನಿಲಯದ ಒಬ್ಬ ಚಿಕ್ಕ ಹುಡುಗ ನಮ್ಮ ಹಿಂದೆಯೇ ಬರುತ್ತಿದ್ದವನು ಕೇಳಿದ: "ಅಜ್ಜಾರ, ಈ ಕುಂಡಾ ನಾಡದ ವಾಪಸ್ ಹೋಗ್ತಾವೇನ್ರಿ?" ಕುಂಡಗಳನ್ನು ಸಸ್ಯಾಗಾರದಿಂದ ಮೂರು ದಿನಕ್ಕೆ ಬಾಡಿಗೆಗೆ ತಂದಿದ್ದರು! ಗ್ರಂಥಾಲಯದ ಕಪಾಟಿನಲ್ಲಿಯೂ ಬೇರೆ ಊರಿನ ಮುದ್ರೆಯಿದ್ದ ಕೆಲವು ಪುಸ್ತಕಗಳು ಕಂಡವು. ನಾವು ಪುಸ್ತಕಗಳನ್ನು ಆ ರಾತ್ರಿಯೇ ಹಿಂದಕ್ಕೆ ಕಳಿಸಿದೆವು. ಕುಂಡಗಳ ವಿಷಯದಲ್ಲಿ ಸುಮ್ಮನಾದೆವು. ಮುಂದೆ ಒಳ್ಳೆಯ ಶ್ರೇಣಿಯೇ ಬಂದಿತು; ಸನ್ಮಾನ ಸಮಾರಂಭವೂ ನಡೆಯಿತು. ಆ ಹುಡುಗನ ಪ್ರಶ್ನೆಗೆ ಮಾತ್ರ ನಾವು ಇನ್ನೂ ಉತ್ತರ ಕೊಟ್ಟಿಲ್ಲ.

ಕುಂಡದಿಂದ ತೊಡಗಿದ್ದು ಎಲ್ಲಿಗೆ ಮುಟ್ಟಬಹುದೆಂಬುದನ್ನು ದೇಶ 2025ರ ಫೆಬ್ರವರಿಯಲ್ಲಿ ಕಂಡಿತು. ಆಂಧ್ರಪ್ರದೇಶದ ಒಂದು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಉನ್ನತ ಶ್ರೇಣಿ ನೀಡಲು ಲಂಚ ಪಡೆದ ಆಪಾದನೆಯ ಮೇಲೆ ಪರಿಶೀಲನಾ ತಂಡದ ಸದಸ್ಯರನ್ನೂ ಆ ಸಂಸ್ಥೆಗೆ ಸೇರಿದವರನ್ನೂ ಕೇಂದ್ರೀಯ ತನಿಖಾ ದಳವು ಬಂಧಿಸಿತು. ಆಪಾದನೆಯ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಅದಕ್ಕೂ ಮೊದಲೇ, 2024ರ ಜನವರಿಯಲ್ಲಿ, ಇಸ್ರೋದ ಮಾಜಿ ಅಧ್ಯಕ್ಷರಾದ ಡಾ. ಕೆ. ರಾಧಾಕೃಷ್ಣನ್ ಅವರ ಸಮಿತಿಯ ಶಿಫಾರಸಿನ ಮೇರೆಗೆ, ಶ್ರೇಣಿಗಳ ಪೈಪೋಟಿಯನ್ನು ಬಿಟ್ಟು 'ಮಾನ್ಯತೆ ಇದೆ' ಅಥವಾ 'ಇಲ್ಲ' ಎಂಬ ಎರಡೇ ಮಾತಿನ ಪದ್ಧತಿಗೆ ಹೊರಳುವುದಾಗಿ ಪರಿಷತ್ತು ಪ್ರಕಟಿಸಿತ್ತು. ಪದ್ಧತಿಯನ್ನು ಎಷ್ಟು ಸಲ ಬದಲಿಸಿದರೂ, ಪರೀಕ್ಷೆಗೆ ಒಳಗಾಗುವವನು ಬಾಡಿಗೆಯ ಕುಂಡ ತರುವುದನ್ನು ಬಿಡದಿದ್ದರೆ ಏನು ಫಲ?

ಈಗ ನಮ್ಮ ಮಠದ ಸದ್ಯದ ವಿಷಯಕ್ಕೆ ಬರುತ್ತೇವೆ. ಕೆಲವು ವರ್ಷಗಳಿಂದ ಭಕ್ತರಲ್ಲಿ ಅನೇಕರು, ಶ್ರೀಮಠದ ವಿದ್ಯಾಸಂಸ್ಥೆಗಳನ್ನೆಲ್ಲ ಒಗ್ಗೂಡಿಸಿ ಒಂದು ಖಾಸಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಬೇಕೆಂದು ಒತ್ತಾಯಿಸುತ್ತಿದ್ದಾರೆ. ಬೇರೆ ಮಠಗಳೂ ಸಂಘಗಳೂ ಮಾಡಿವೆ, ನಾವೇಕೆ ಹಿಂದುಳಿಯಬೇಕೆಂಬುದು ಅವರ ಅಭಿಮಾನದ ಮಾತು. ಆ ಅಭಿಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಹಿರಿಯರ ದಾರಿಯನ್ನು ಸ್ವಲ್ಪ ನೋಡೋಣ.

ವಚನ ಪಿತಾಮಹ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದ್ದು 1910ರಲ್ಲಿ. ಆ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆತದ್ದು 2008ರಲ್ಲಿ. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಿಟ್ಟದ್ದು 1916ರಲ್ಲಿ. ಅದಕ್ಕೆ ಆ ಸ್ಥಾನ ಬಂದದ್ದು 2006ರಲ್ಲಿ. ಒಂದಕ್ಕೆ ತೊಂಬತ್ತೆಂಟು ವರ್ಷ, ಇನ್ನೊಂದಕ್ಕೆ ತೊಂಬತ್ತು. ಮೊದಲು ಶಾಲೆ, ಆಮೇಲೆ ಕಾಲೇಜು, ಆಮೇಲೆ ಆಸ್ಪತ್ರೆ, ಪ್ರಯೋಗಶಾಲೆ, ಕಟ್ಟಕಡೆಗೆ ಹೆಸರು. ಅಲ್ಲಿ ಮರ ಮೊದಲು ಬೆಳೆಯಿತು, ಫಲಕವನ್ನು ಆಮೇಲೆ ತೂಗುಹಾಕಿದರು. ಫಲಕವನ್ನು ಮೊದಲು ನೆಟ್ಟರೆ ಅದು ಚಿಗುರುವುದಿಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಹೇಳಿದ್ದು ಇಷ್ಟೇ: ವಿಶ್ವವಿದ್ಯಾಲಯ ಬೇಡವೆಂದಲ್ಲ, ಇಂದು ಬೇಡ. ಈಗಿರುವ ಕಾಲೇಜಿನಲ್ಲಿ ಖಾಲಿಯಿರುವ ಅಧ್ಯಾಪಕರ ಸ್ಥಾನಗಳು ಮೊದಲು ತುಂಬಲಿ. ಗ್ರಂಥಾಲಯ ನಮ್ಮದೇ ಪುಸ್ತಕಗಳಿಂದ ತುಂಬಲಿ. ಕುಂಡದ ಬದಲು ನೆಲದಲ್ಲಿ ಗಿಡ ಬೆಳೆಯಲಿ. ಹತ್ತು ವರ್ಷದ ಮೇಲೆ ಯಾರಾದರೂ ಬಂದು ಮುನ್ಸೂಚನೆಯಿಲ್ಲದೆ ನೋಡಿದರೂ ನಾಚಿಕೆಯಾಗದಂತಿದ್ದರೆ, ಆಗ ಮುದ್ರೆಯನ್ನು ಕೇಳೋಣ. ಸಭೆಯಲ್ಲಿ ಕೆಲವರು ಅಸಮಾಧಾನಗೊಂಡರು. ಒಬ್ಬ ಹಿರಿಯ ದಾನಿಗಳು ತಮ್ಮ ದೇಣಿಗೆಯ ವಾಗ್ದಾನವನ್ನು ಹಿಂತೆಗೆದುಕೊಂಡರು. ಅವರ ಮೇಲೆ ನಮಗೆ ಕೋಪವಿಲ್ಲ.

ಇನ್ನೊಂದು ನಿರ್ಧಾರವನ್ನೂ ಮಾಡಿದ್ದೇವೆ. ಯಾವುದೇ ವಿದ್ಯಾಸಂಸ್ಥೆಯ ಉದ್ಘಾಟನೆಗೆ ನಮ್ಮನ್ನು ಕರೆಯುವವರು ಫಲಪುಷ್ಪಗಳೊಂದಿಗೆ ಅನುಮತಿಪತ್ರದ ಪ್ರತಿಯನ್ನೂ ತರಬೇಕು. ಇದರಿಂದ ಆಮಂತ್ರಣಗಳು ಕಡಿಮೆಯಾಗಿವೆ.

ವಾಚಕರಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಲಿರುವ ತಂದೆತಾಯಿಗಳು ಬಹಳ ಜನ ಇದ್ದೀರಿ. ನಿಮ್ಮಲ್ಲಿ ನಮ್ಮದೊಂದು ಬಿನ್ನಹ. ಶುಲ್ಕ ಕಟ್ಟುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿರಿ. ಈ ವಿಶ್ವವಿದ್ಯಾಲಯ ಯಾವ ಕಾಯ್ದೆಯಿಂದ, ಯಾವ ವರ್ಷ ಹುಟ್ಟಿತು, ಆಯೋಗದ ಪಟ್ಟಿಯಲ್ಲಿ ಅದರ ಹೆಸರಿದೆಯೇ? ಅದರ ರಾಜ್ಯ ಯಾವುದು, ಈ ಊರಿನಲ್ಲಿ ಕಲಿಸಲು ಅದಕ್ಕೆ ಅಧಿಕಾರವಿದೆಯೇ? ದೂರಶಿಕ್ಷಣವಾದರೆ ಈ ವರ್ಷ, ಈ ವಿಷಯಕ್ಕೆ ಪ್ರತ್ಯೇಕ ಅನುಮತಿ ದೊರೆತಿದೆಯೇ? ವಕೀಲಿ, ವೈದ್ಯ, ಶುಶ್ರೂಷೆ, ಶಿಕ್ಷಕ ತರಬೇತಿಯಂಥ ವೃತ್ತಿಗಳಾದರೆ ಆಯಾ ವೃತ್ತಿಯ ರಾಷ್ಟ್ರೀಯ ಸಂಸ್ಥೆಯ ಒಪ್ಪಿಗೆಯಿದೆಯೇ? ಕೊನೆಯದಾಗಿ, ಕಳೆದ ವರ್ಷ ಇಲ್ಲಿ ಓದಿ ಹೋದ ಒಬ್ಬ ವಿದ್ಯಾರ್ಥಿಯನ್ನು ನಾವು ಕಂಡು ಮಾತನಾಡಬಹುದೇ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಕೇಳಿರಿ. ಸಿಟ್ಟಾಗುವವರ ಬಳಿ ಮಕ್ಕಳನ್ನು ಬಿಡಬೇಡಿರಿ. ಗೋಡೆಯ ಮೇಲೆ ಯಾವ ಸ್ವಾಮಿಗಳ, ಯಾವ ಮಂತ್ರಿಗಳ ಚಿತ್ರವಿದೆಯೆಂದು ನೋಡಬೇಡಿರಿ. ನಮ್ಮ ಚಿತ್ರವಿದ್ದರೂ ಕೇಳಿರಿ. ನಮ್ಮ ಚಿತ್ರವಿದ್ದರೆ ಇನ್ನೂ ಒಂದು ಪ್ರಶ್ನೆ ಹೆಚ್ಚಾಗಿಯೇ ಕೇಳಿರಿ.

ಆ ಹುಡುಗನ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. 2018ರಲ್ಲಿಯೇ ಅವನನ್ನು ಸರಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಮತ್ತೆ ಮೊದಲ ವರ್ಷಕ್ಕೆ ಸೇರಿಸಿದೆವು. ತನಗಿಂತ ಏಳು ವರ್ಷ ಚಿಕ್ಕವರೊಂದಿಗೆ ಬೆಂಚಿನ ಮೇಲೆ ಕುಳಿತು, ಒಮ್ಮೆ ಓದಿದ್ದನ್ನೇ ಮತ್ತೆ ಓದಿದ. ಶುಲ್ಕವನ್ನು ಶ್ರೀಮಠವೇ ಕಟ್ಟಿತು. ಅದು ದಾನವಲ್ಲ, ಸಾಲದ ಸಂದಾಯ. ಮಹಾಮಾರಿಯ ಕಾಲದಲ್ಲಿ ಪರೀಕ್ಷೆಗಳು ಮುಂದಕ್ಕೆ ಹೋಗಿ, ಪದವಿ ಕೈಗೆ ಬರುವ ಹೊತ್ತಿಗೆ 2022 ಆಗಿತ್ತು. ಅಂದು ಕೈತಪ್ಪಿದ ಹುದ್ದೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಈಗ ಅವನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದಾನೆ. ಜೋಡೆತ್ತು ಮತ್ತೆ ಬಂದಿಲ್ಲ. ಹೊಲವನ್ನು ಬಾಡಿಗೆಯ ಟ್ರ್ಯಾಕ್ಟರಿನಿಂದ ಹರಗಿಸುತ್ತಾರೆ.

ಪದವಿ ಬಂದ ದಿನ ತಂದೆ-ಮಗ ಇಬ್ಬರೂ ಮಠಕ್ಕೆ ಬಂದಿದ್ದರು. ಹೊಸ ಪದವಿಪತ್ರವನ್ನು ಅದೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಆಶೀರ್ವಾದ ಮಾಡಿರೆಂದು ತಂದೆ ಅದನ್ನು ಮುಂದೆ ಹಿಡಿದರು. ನಾವು ಕೂಡಲೆ ಕೈ ಎತ್ತಲಿಲ್ಲ. ಕನ್ನಡಕ ಹಾಕಿಕೊಂಡು, ವಿಶ್ವವಿದ್ಯಾಲಯದ ಹೆಸರು, ಕ್ರಮಾಂಕ, ವರ್ಷ, ಸಹಿ, ಎಲ್ಲವನ್ನೂ ಮೇಲಿನಿಂದ ಕೆಳಗಿನವರೆಗೆ ಓದಿದೆವು. ಹುಡುಗ ನಕ್ಕ. ಆಮೇಲೆ ಹರಸಿದೆವು.